ನೂರು ಮೈಲಿಯ ಆಸೆ, ಹತ್ತು ಮೈಲಿಯ ಪಯಣ

1899ರ ಮೇ 20. ನ್ಯೂಯಾರ್ಕ್ ನಗರದ ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ ಟ್ಯಾಕ್ಸಿಯೊಂದು ವೇಗವಾಗಿ ಸಾಗುತ್ತಿತ್ತು. ಸೈಕಲ್ ಮೇಲೆ ಗಸ್ತು ತಿರುಗುತ್ತಿದ್ದ ಪೊಲೀಸನೊಬ್ಬ ಅದನ್ನು ಬೆನ್ನಟ್ಟಿ ಹಿಡಿದ. ಚಾಲಕ ಜೇಕಬ್ ಜರ್ಮನ್ ಮೇಲೆ ಬಂದ ಆರೋಪ, ಗಂಟೆಗೆ 12 ಮೈಲಿ ವೇಗದಲ್ಲಿ ಗಾಡಿ ಓಡಿಸಿದ್ದು. ಆಗ ಅಲ್ಲಿದ್ದ ಮಿತಿ ಎಂಟು ಮೈಲಿ. ಆತನನ್ನು ಠಾಣೆಗೆ ಒಯ್ದು ಕೂಡಿಹಾಕಲಾಯಿತು. ಅತಿವೇಗಕ್ಕಾಗಿ ಬಂಧನಕ್ಕೊಳಗಾದ ಅಮೆರಿಕದ ಮೊದಲ ಮೋಟಾರು ಚಾಲಕ ಎಂದು ಅವನ ಹೆಸರು ದಾಖಲೆಯಲ್ಲಿ ಉಳಿದುಕೊಂಡಿದೆ. ಸೋಜಿಗದ ಸಂಗತಿ ಬೇರೆಯೇ ಇದೆ. ಅವನ ಗಾಡಿಯಲ್ಲಿ ಒಂದು ಹನಿ ಪೆಟ್ರೋಲ್ ಇರಲಿಲ್ಲ. ಅದು ಬ್ಯಾಟರಿಯಿಂದ ಓಡುವ ವಿದ್ಯುತ್ ಟ್ಯಾಕ್ಸಿ.

ಅದೇ ವರ್ಷ ಪ್ಯಾರಿಸ್ ಬಳಿ ಬೆಲ್ಜಿಯಂನ ಕಾಮಿಲ್ ಜೆನಾಟ್ಸಿ ಎಂಬ ಸಾಹಸಿ, ಬಂದೂಕಿನ ಗುಂಡಿನ ಆಕಾರದ ಗಾಡಿಯೊಂದರಲ್ಲಿ ಕುಳಿತು ಗಂಟೆಗೆ 100 ಕಿಲೋಮೀಟರ್ ವೇಗದ ಗಡಿ ದಾಟಿದ. ರಸ್ತೆಯ ವಾಹನವೊಂದು ಆ ವೇಗ ಮುಟ್ಟಿದ್ದು ಅದೇ ಮೊದಲು. ಅದೂ ವಿದ್ಯುತ್ ಗಾಡಿಯೇ. ಅಮೆರಿಕದ 1900ರ ಗಣತಿ ಕೊಡುವ ಲೆಕ್ಕ ಇನ್ನೂ ಸ್ವಾರಸ್ಯಕರ. ಆಗ ಅಲ್ಲಿ ವರ್ಷವೊಂದರಲ್ಲಿ ತಯಾರಾದ 4,192 ಕಾರುಗಳ ಪೈಕಿ 1,681 ಹಬೆಯವು, 1,575 ವಿದ್ಯುತ್ತಿನವು. ಪೆಟ್ರೋಲಿನವು ಕೇವಲ 936. ಇವುಗಳಲ್ಲಿ ಕೊನೆಗೆ ಯಾವುದು ಗೆಲ್ಲುತ್ತದೆ ಎಂದು ಆಗ ಪಂಥ ಕಟ್ಟಿದ್ದರೆ, ಪೆಟ್ರೋಲಿನ ಮೇಲೆ ಹಣ ಇಡುವವರು ಹೆಚ್ಚು ಸಿಗುತ್ತಿರಲಿಲ್ಲ.

ಆದರೆ ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ವಿದ್ಯುತ್ ಕಾರು ಹೆಚ್ಚುಕಡಿಮೆ ರಸ್ತೆಯಿಂದಲೇ ಕಣ್ಮರೆಯಾಯಿತು. ಏಕೆ ಹೀಗಾಯಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ ಸಾಲಿನದು: ಬ್ಯಾಟರಿ ಚೆನ್ನಾಗಿರಲಿಲ್ಲ. ಇದು ಸುಳ್ಳಲ್ಲ. ಆದರೆ ಬ್ಯಾಟರಿ ಯಾವುದಕ್ಕೆ ಸಾಲಲಿಲ್ಲ ಎಂದು ಕೇಳಿಕೊಂಡರೆ ಕಥೆ ಬೇರೆ ದಿಕ್ಕು ಹಿಡಿಯುತ್ತದೆ. ಕೊಳ್ಳುವವರು ದಿನವೂ ಮಾಡುತ್ತಿದ್ದ ಪ್ರಯಾಣಕ್ಕೆ ಅದು ಧಾರಾಳವಾಗಿ ಸಾಕಾಗುತ್ತಿತ್ತು. ಅವರು ಎಂದಾದರೊಮ್ಮೆ ಮಾಡಬೇಕೆಂದುಕೊಂಡಿದ್ದ ಪ್ರಯಾಣಕ್ಕೆ ಸಾಲುತ್ತಿರಲಿಲ್ಲ.

ಆ ಕಾಲದ ಕೊಳ್ಳುಗನ ಮುಂದಿದ್ದ ಆಯ್ಕೆಗಳನ್ನು ಒಮ್ಮೆ ನೋಡಬೇಕು. ನ್ಯೂಯಾರ್ಕಿನಲ್ಲಿ ಲಕ್ಷಕ್ಕೂ ಮೀರಿ ಕುದುರೆಗಳಿದ್ದವು. ಬೀದಿ ತುಂಬ ಲದ್ದಿ, ಬೇಸಿಗೆಯಲ್ಲಿ ನೊಣ, ಮಳೆ ಬಿದ್ದರೆ ಅದರದೇ ಕೆಸರು. ಕುದುರೆಯ ಬದಲು ಯಂತ್ರ ಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಬೆ ಗಾಡಿ ತೆಗೆದುಕೊಂಡರೆ ಚಳಿಗಾಲದ ಬೆಳಿಗ್ಗೆ ನೀರು ಕಾದು ಹಬೆ ಏಳಲು ಮುಕ್ಕಾಲು ಗಂಟೆ ಕಾಯಬೇಕಾಗಿತ್ತು. ಪೆಟ್ರೋಲ್ ಗಾಡಿಯನ್ನು ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಾಗಿತ್ತು. ನಮ್ಮಲ್ಲಿ ಹಳೆಯ ಲಾರಿಗಳ ಮೂತಿಗೆ ಹ್ಯಾಂಡಲ್ ತೂರಿಸಿ ಕ್ಲೀನರ್ ಹುಡುಗ ಬೆವರು ಸುರಿಸುತ್ತಿದ್ದುದನ್ನು ಕಂಡವರಿಗೆ ಅದರ ಕಷ್ಟ ಗೊತ್ತು. ಎಂಜಿನ್ ಒಮ್ಮೆ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅದರ ಮೇಲೆ ಗೇರು ಬದಲಿಸುವ ಗುದ್ದಾಟ, ಹೊಗೆ, ವಾಸನೆ, ಗದ್ದಲ. ವಿದ್ಯುತ್ ಗಾಡಿಗೆ ಇದಾವುದೂ ಇಲ್ಲ. ಹತ್ತಿ ಕುಳಿತು ಹಿಡಿಕೆ ಸರಿಸಿದರೆ ಸದ್ದಿಲ್ಲದೆ ಹೊರಡುತ್ತಿತ್ತು.

ಜೇಕಬ್ ಜರ್ಮನ್ ಓಡಿಸುತ್ತಿದ್ದಂಥ ಟ್ಯಾಕ್ಸಿಗಳು ನ್ಯೂಯಾರ್ಕಿಗೆ ಬಂದದ್ದು 1897ರಲ್ಲಿ. ಚಾರ್ಜು ಮುಗಿದ ಟ್ಯಾಕ್ಸಿ ಕಂಪನಿಯ ಶೆಡ್ಡಿಗೆ ಬಂದರೆ, ಅರ್ಧ ಟನ್ನಿಗೂ ಮೀರಿದ ಬ್ಯಾಟರಿ ಪೆಟ್ಟಿಗೆಯನ್ನು ಯಂತ್ರದ ಸಹಾಯದಿಂದ ಹೊರಗೆಳೆದು, ಚಾರ್ಜಾದ ಇನ್ನೊಂದನ್ನು ಕೆಲವೇ ನಿಮಿಷಗಳಲ್ಲಿ ಒಳಗೆ ತಳ್ಳುತ್ತಿದ್ದರು. ಇಂದು ಬೆಂಗಳೂರಿನಲ್ಲಿ ಸ್ಕೂಟರಿನ ಬ್ಯಾಟರಿ ಬದಲಿಸಿಕೊಡುವ ಕಟ್ಟೆಗಳನ್ನು ಹೊಸ ಆವಿಷ್ಕಾರವೆಂದು ಬೆರಗಿನಿಂದ ನೋಡುವವರು ಇದನ್ನು ನೆನಪಿನಲ್ಲಿಡಬಹುದು. ಆದರೆ ಆ ಕಂಪನಿಯ ಹಿಂದಿದ್ದ ಬಂಡವಾಳಗಾರರಿಗೆ ಟ್ಯಾಕ್ಸಿಗಿಂತ ಷೇರಿನ ಮೇಲೆ ಪ್ರೀತಿ ಹೆಚ್ಚಿತ್ತು. ಊರೂರಿಗೆ ಸಾವಿರಾರು ಟ್ಯಾಕ್ಸಿ ಎಂಬ ದೊಡ್ಡ ಮಾತು ಆಡಿ ಷೇರು ಏರಿಸಿದರು. ಬ್ಯಾಟರಿಗಳ ಆರೈಕೆ ಗೊತ್ತಿಲ್ಲದವರ ಕೈಗೆ ಗಾಡಿ ಕೊಟ್ಟರು. ಶಾಖೆಗಳು ಒಂದೊಂದಾಗಿ ಮುಚ್ಚಿದವು. 1907ರಲ್ಲಿ ಕಂಪನಿ ದಿವಾಳಿಯೆದ್ದಿತು. ವಿರೋಧಿ ಪತ್ರಿಕೆಗಳು ಅದನ್ನು ‘ಸೀಸದ ಟ್ಯಾಕ್ಸಿ ಕೂಟ’ ಎಂದು ಹೀಯಾಳಿಸಿದವು. ಸೀಸದ ತಗಡುಗಳ ಬ್ಯಾಟರಿಗೆ ಅಂಟಿದ ಆ ಕೆಟ್ಟ ಹೆಸರು ಮುಂದೆ ಒಳ್ಳೆಯ ಬ್ಯಾಟರಿಗಳು ಬಂದ ಮೇಲೂ ಸುಲಭವಾಗಿ ಹೋಗಲಿಲ್ಲ.

ಹೆಂಗಸರ ಗಾಡಿ

ಟ್ಯಾಕ್ಸಿ ಸೋತರೂ ಮನೆಬಳಕೆಯ ವಿದ್ಯುತ್ ಕಾರು ಮುಂದಿನ ಹತ್ತು ವರ್ಷ ಚೆನ್ನಾಗಿಯೇ ಬಾಳಿತು. ಕ್ಲೀವ್‌ಲ್ಯಾಂಡಿನ ಬೇಕರ್, 1907ರಲ್ಲಿ ಆರಂಭವಾದ ಡೆಟ್ರಾಯಿಟ್ ಎಲೆಕ್ಟ್ರಿಕ್ ಮೊದಲಾದವು ಶ್ರೀಮಂತರ ಬೀದಿಗಳಲ್ಲಿ ಕಾಣಿಸತೊಡಗಿದವು. ಸುತ್ತಲೂ ಗಾಜು ಹಾಕಿದ ಪುಟ್ಟ ಕೋಣೆ, ಮೆತ್ತನೆಯ ಆಸನ, ಕಿಟಕಿಯ ಬಳಿ ಹೂದಾನಿ. ದುಂಡನೆಯ ಸ್ಟಿಯರಿಂಗ್ ಚಕ್ರದ ಬದಲು ಒಂದು ಹಿಡಿಕೆ. ಕೆಲವು ಮಾದರಿಗಳಲ್ಲಿ ಓಡಿಸುವವರು ಹಿಂದಿನ ಆಸನದಲ್ಲಿ ಕೂರುತ್ತಿದ್ದರು. ಅತಿಥಿಗಳು ಅವರಿಗೆ ಎದುರಾಗಿ ಕುಳಿತು ಹರಟೆ ಹೊಡೆಯಬಹುದಾಗಿತ್ತು. ವೇಗ ಗಂಟೆಗೆ ಇಪ್ಪತ್ತು ಮೈಲಿಯ ಆಸುಪಾಸು. ಒಮ್ಮೆ ಚಾರ್ಜು ಮಾಡಿದರೆ ಎಂಬತ್ತು ಮೈಲಿಯ ಸುಮಾರು, ಅಂದರೆ 130 ಕಿಲೋಮೀಟರ್ ಓಡುತ್ತದೆ ಎಂದು ಡೆಟ್ರಾಯಿಟ್ ಎಲೆಕ್ಟ್ರಿಕ್ ಹೇಳಿಕೊಳ್ಳುತ್ತಿತ್ತು. ಪರೀಕ್ಷೆಯೊಂದರಲ್ಲಿ ಅದರ ಗಾಡಿ 211 ಮೈಲಿ ಓಡಿದ್ದೂ ಉಂಟು. ನಗರದೊಳಗೆ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಗೆಳತಿಯ ಮನೆಗೆ, ಸಂಜೆ ನಾಟಕಕ್ಕೆ ಎಂದು ಓಡಾಡುವವರಿಗೆ ಇಷ್ಟೆಲ್ಲ ದೂರ ಬೇಕಾಗಿಯೇ ಇರಲಿಲ್ಲ. ಮಧ್ಯರಾತ್ರಿ ಕರೆ ಬಂದರೆ ಹ್ಯಾಂಡಲ್ ತಿರುಗಿಸುತ್ತ ನಿಲ್ಲಲಾಗದ ವೈದ್ಯರೂ ಇದನ್ನು ಮೆಚ್ಚಿ ಕೊಂಡರು.

ಪೆಟ್ರೋಲ್ ಕಾರನ್ನು ಜನಸಾಮಾನ್ಯರ ಮನೆಗೆ ತಲುಪಿಸಿದ ಹೆನ್ರಿ ಫೋರ್ಡ್ ಮನೆಯಲ್ಲೇ ವಿದ್ಯುತ್ ಕಾರಿತ್ತು ಎಂಬುದು ಈ ಚರಿತ್ರೆಯ ತಮಾಷೆಗಳಲ್ಲೊಂದು. ಮಡದಿ ಕ್ಲಾರಾ ಓಡಾಡುತ್ತಿದ್ದುದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಗಾಡಿಯಲ್ಲಿ. ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ ಅದು ಇಂದಿಗೂ ಇದೆ.

ಗಾಡಿ ಯಾರಿಗೆ ಹಿಡಿಸಿತೋ ಅವರೇ ಅದಕ್ಕೆ ಮುಳುವಾದರು ಎಂದರೆ ಅನ್ಯಾಯವಾದೀತು. ಮುಳುವಾದದ್ದು ಅವರ ಹೆಸರಿನಲ್ಲಿ ಮಾಡಿದ ಜಾಹೀರಾತು. ಕಂಪನಿಗಳು ಇದು ನಾಜೂಕಿನ ಮಹಿಳೆಯರಿಗೆ ಹೇಳಿ ಮಾಡಿಸಿದ ಗಾಡಿ ಎಂದು ಮತ್ತೆ ಮತ್ತೆ ಸಾರಿದವು. ಕೈ ಕೊಳೆಯಾಗದು, ಯಂತ್ರದ ಜ್ಞಾನ ಬೇಡ, ದೂರ ಹೋಗುವ ಅಪಾಯವೂ ಇಲ್ಲ! ಮಹಿಳೆ ಮನೆಯ ಸುತ್ತಮುತ್ತಲೇ ಇರಬೇಕಾದವಳು ಎಂಬ ಆ ಕಾಲದ ನಂಬಿಕೆಗೂ ಬ್ಯಾಟರಿಯ ಮಿತಿಗೂ ಹೇಗೆ ಗಂಟು ಬಿತ್ತು ಎಂಬುದನ್ನು ಇತಿಹಾಸಕಾರ್ತಿ ವರ್ಜೀನಿಯಾ ಷಾರ್ಫ್ 1991ರ ತಮ್ಮ ‘ಟೇಕಿಂಗ್ ದ ವ್ಹೀಲ್’ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಹಾಗೆ ನೋಡಿದರೆ ದೂರ ಹೋಗುವ ಆಸೆ ಮಹಿಳೆಯರಿಗೂ ಇತ್ತು. ಎಷ್ಟೋ ಮಂದಿ ಪೆಟ್ರೋಲ್ ಗಾಡಿಗಳನ್ನೇ ಓಡಿಸಿದರು. ಅವರನ್ನು ಯಾರೂ ಕೇಳಿರಲಿಲ್ಲ ಅಷ್ಟೇ.

‘ಹೆಂಗಸರ ಗಾಡಿ’ ಎಂಬ ಹಣೆಪಟ್ಟಿ ಬಿದ್ದ ಮೇಲೆ ಗಂಡಸರು ಅದರ ಬಳಿ ಸುಳಿಯಲು ನಾಚಿದರು. ಕಾರು ಕೊಳ್ಳುವ ಹಣವಿದ್ದುದು ಹೆಚ್ಚಾಗಿ ಅವರ ಕೈಯಲ್ಲೇ. ಕಂಪನಿಗಳಿಗೆ ತಪ್ಪಿನ ಅರಿವಾದಾಗ ಕೆಲವು ಮಾಡಿದ ಉಪಾಯ ನಗೆ ತರಿಸುವಂಥದು. ಎಂಜಿನ್ನೇ ಇಲ್ಲದ ಗಾಡಿಯ ಮುಂದೆ ಪೆಟ್ರೋಲ್ ಕಾರಿನಂತೆ ಕಾಣುವ ಸುಳ್ಳು ಬಾನೆಟ್ಟು, ಸುಳ್ಳು ರೇಡಿಯೇಟರು ಕೂರಿಸಿದವು. ತಣ್ಣಗಾಗಿಸಲು ಒಳಗೆ ಬಿಸಿಯಾಗುವಂಥದು ಏನೂ ಇಲ್ಲ. ಆದರೂ ನೆರೆಮನೆಯವನ ಕಣ್ಣಿಗೆ ಅದು ಗಂಡಸಿನ ಕಾರಿನಂತೆ ಕಾಣಬೇಕಲ್ಲ!

ಅದೇ ಹೊತ್ತಿಗೆ ಪೆಟ್ರೋಲ್ ಕಾರಿನ ಸುತ್ತ ಬೇರೊಂದು ಕಥೆ ಹೆಣೆಯಲಾಗುತ್ತಿತ್ತು. 1903ರಲ್ಲಿ ವರ್ಮಾಂಟ್ ರಾಜ್ಯದ ವೈದ್ಯ ಹೊರೇಷಿಯೊ ನೆಲ್ಸನ್ ಜಾಕ್ಸನ್ ಐವತ್ತು ಡಾಲರ್ ಪಂಥ ಕಟ್ಟಿ, ವಿಂಟನ್ ಕಂಪನಿಯ ಕಾರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿಗೆ ಹೊರಟ. ಜೊತೆಗೆ ಒಬ್ಬ ಮೆಕ್ಯಾನಿಕ್. ದಾರಿಯಲ್ಲಿ ಕೊಂಡ ಒಂದು ನಾಯಿ. ಧೂಳಿಗೆ ಅದರ ಕಣ್ಣು ಉರಿಯದಿರಲೆಂದು ಅದಕ್ಕೂ ಕನ್ನಡಕ ಹಾಕಿದ್ದರು. ರಸ್ತೆಯೇ ಇಲ್ಲದ ಪ್ರದೇಶಗಳಲ್ಲಿ ಕೆಸರಿನಲ್ಲಿ ಹೂತು, ಟೈರು ಒಡೆದು, ಬಿಡಿಭಾಗಗಳಿಗಾಗಿ ದಿನಗಟ್ಟಲೆ ಕಾದು, 63 ದಿನಗಳ ನಂತರ ಗುರಿ ಮುಟ್ಟಿದರು. ಪತ್ರಿಕೆಗಳಿಗೆ ಸುಗ್ಗಿ. ಕಾರು ಕೆಟ್ಟು ನಿಲ್ಲುವುದು ಕೂಡ ಸಾಹಸದ ಒಂದು ಭಾಗ ಎಂಬಂತಾಯಿತು. ಡಚ್ ಇತಿಹಾಸಕಾರ ಖೈಸ್ ಮೊಮ್ ಆರಂಭದ ಪೆಟ್ರೋಲ್ ಕಾರನ್ನು ಸಾಹಸದ ಯಂತ್ರ ಎಂದೇ ಕರೆಯುತ್ತಾರೆ. ವಿದ್ಯುತ್ ಗಾಡಿ ಕೆಡುವುದೇ ಅಪರೂಪ. ಹಾಗಾಗಿ ಅದರ ಬಗ್ಗೆ ಹೇಳಿಕೊಳ್ಳಲು ಕಥೆಯೂ ಇಲ್ಲ.

ಜಾಕ್ಸನ್‌ನ ದಾರಿಯಲ್ಲಿ ಮತ್ತೆ ಹೋದವರು ಎಷ್ಟು ಮಂದಿ? ಬೆರಳೆಣಿಕೆಯಷ್ಟು. ಆದರೆ ಮುಂದೆ ಕಾರು ಕೊಂಡ ಗುಮಾಸ್ತ, ವ್ಯಾಪಾರಿ, ರೈತ ಎಲ್ಲರ ಮನಸ್ಸಿನ ಮೂಲೆಯಲ್ಲೂ ಆ ಪ್ರಯಾಣ ಇತ್ತು. ಬೇಕೆಂದಾಗ ಎಲ್ಲಿಗಾದರೂ ಹೋಗಬಹುದು ಎಂಬ ಭರವಸೆಗೆ ಅವರು ಹಣ ಕೊಡುತ್ತಿದ್ದರು. ಹೋಗುವುದು ಬಿಡುವುದು ಆಮೇಲಿನ ಮಾತು. ಕುಟುಂಬಕ್ಕೆ ಒಂದೇ ಕಾರು ಕೊಳ್ಳಲು ಸಾಧ್ಯವಿದ್ದಾಗ, ಆ ಒಂದು ಕಾರು ವರ್ಷಕ್ಕೊಮ್ಮೆ ಬರುವ ದೂರದ ದಿನಕ್ಕೂ ಒದಗಬೇಕು ಎಂದು ಬಯಸುವುದು ಮೂರ್ಖತನವೇನಲ್ಲ.

ಇದರ ಜೊತೆಗೆ ದಿನನಿತ್ಯದ ಅಡಚಣೆಗಳೂ ಇದ್ದವು. ಬ್ಯಾಟರಿಗೆ ಬೇಕಾದದ್ದು ನೇರ ವಿದ್ಯುತ್ತು. ಊರುಗಳಲ್ಲಿ ಹಬ್ಬುತ್ತಿದ್ದುದು ಪರ್ಯಾಯ ವಿದ್ಯುತ್ತು. ಒಂದನ್ನು ಇನ್ನೊಂದಾಗಿ ಬದಲಿಸುವ ಪಾದರಸದ ದೀಪದಂಥ ಉಪಕರಣವನ್ನು ಮನೆಯಲ್ಲಿ ಕೂರಿಸಬೇಕಾಗಿತ್ತು, ಅದಕ್ಕೆ ಪ್ರತ್ಯೇಕ ಖರ್ಚು. ಇಲ್ಲವೇ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬಾಡಿಗೆ ತೆರಬೇಕು. ಹಳ್ಳಿಗಾಡಿನಲ್ಲಂತೂ ವಿದ್ಯುತ್ತೇ ಇರಲಿಲ್ಲ. 1930ರ ದಶಕದ ನಡುವಿನಲ್ಲೂ ಅಮೆರಿಕದ ಹತ್ತು ರೈತ ಮನೆಗಳಲ್ಲಿ ಒಂದಕ್ಕಷ್ಟೇ ವಿದ್ಯುತ್ ದೀಪ ಇತ್ತು. (ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದು 1905ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು.) ಪೆಟ್ರೋಲ್ ಹಾಗಲ್ಲ. ಅದನ್ನು ಡಬ್ಬದಲ್ಲಿ ತುಂಬಿ ಯಾವ ಹಳ್ಳಿಯ ದಿನಸಿ ಅಂಗಡಿಯಲ್ಲಾದರೂ ಮಾರಬಹುದು. 1901ರಲ್ಲಿ ಟೆಕ್ಸಾಸ್‌ನ ಸ್ಪಿಂಡಲ್‌ಟಾಪ್ ಬಾವಿಯಿಂದ ತೈಲ ಚಿಮ್ಮಿದ ಮೇಲೆ ಅದಕ್ಕೆ ಬರವೂ ಇರಲಿಲ್ಲ.

ಕೊನೆಯ ಪೆಟ್ಟು ಬಂದದ್ದು 1912ರಲ್ಲಿ, ಅದೂ ವಿದ್ಯುತ್ತಿನಿಂದಲೇ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ, ನಮ್ಮ ಡ್ರೈವರುಗಳು ‘ಸೆಲ್ಫ್’ ಎಂದು ಕರೆಯುವ ಪುಟ್ಟ ಮೋಟಾರು ಆ ವರ್ಷದ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಗುಂಡಿ ಒತ್ತಿದರೆ ಬ್ಯಾಟರಿಯ ಬಲದಿಂದ ಎಂಜಿನ್ ತಾನೇ ಏಳುತ್ತದೆ. ಹ್ಯಾಂಡಲ್ ಬೇಡ, ಮಣಿಕಟ್ಟಿಗೆ ಭಯವಿಲ್ಲ. ಮುಂದೆ ಗಾಜಿನ ಮುಚ್ಚಿದ ಕೋಣೆ, ಮೆತ್ತನೆಯ ಆಸನ, ವಿದ್ಯುತ್ ದೀಪ ಇವೆಲ್ಲ ಒಂದೊಂದಾಗಿ ಪೆಟ್ರೋಲ್ ಕಾರಿಗೆ ಬಂದವು. ವಿದ್ಯುತ್ ಕಾರಿನಲ್ಲಿ ಜನ ಮೆಚ್ಚಿದ್ದ ಗುಣಗಳನ್ನೆಲ್ಲ ಎದುರಾಳಿ ಸದ್ದಿಲ್ಲದೆ ಎತ್ತಿಕೊಂಡಿತು. ದೂರ ಹೋಗುವ ಗುಣ ಅದಕ್ಕೆ ಮೊದಲೇ ಇತ್ತು.

ಬೆಲೆಯ ವಿಷಯಕ್ಕೆ ಬಂದರೆ ಹೋಲಿಕೆಯೇ ಸಲ್ಲದು. 1912ರಲ್ಲಿ ಸಾಧಾರಣ ಪೆಟ್ರೋಲ್ ಕಾರಿಗೆ 650 ಡಾಲರ್, ವಿದ್ಯುತ್ ಕಾರಿಗೆ 1,750 ಡಾಲರ್. 1914ರಲ್ಲಿ ಫೋರ್ಡ್ ಎರಡು ಲಕ್ಷಕ್ಕೂ ಹೆಚ್ಚು ಮಾಡೆಲ್-ಟಿ ಕಾರುಗಳನ್ನು ಹೊರಬಿಟ್ಟರೆ, ಡೆಟ್ರಾಯಿಟ್ ಎಲೆಕ್ಟ್ರಿಕ್ ಒಳ್ಳೆಯ ವರ್ಷದಲ್ಲಿ ಮಾರುತ್ತಿದ್ದುದು ಒಂದೆರಡು ಸಾವಿರ. ಅದೇ 1914ರ ಆರಂಭದಲ್ಲಿ ಫೋರ್ಡ್ ತನ್ನ ಹಿರಿಯ ಗೆಳೆಯ ಥಾಮಸ್ ಎಡಿಸನ್ ಜೊತೆಗೂಡಿ ಅಗ್ಗದ ವಿದ್ಯುತ್ ಕಾರು ತರುವುದಾಗಿ ಹೇಳಿದ. ಪ್ರಯೋಗದ ಗಾಡಿಗಳೂ ತಯಾರಾದವು. ಎಡಿಸನ್ನನ ನಿಕಲ್-ಕಬ್ಬಿಣದ ಬ್ಯಾಟರಿ ಆ ಕೆಲಸಕ್ಕೆ ಒದಗಲಿಲ್ಲ. ಮಾತು ಅಲ್ಲಿಗೇ ನಿಂತಿತು. ಡೆಟ್ರಾಯಿಟ್ ಎಲೆಕ್ಟ್ರಿಕ್ ಮಾತ್ರ ಬೇಡಿಕೆ ಬಂದಾಗ ಒಂದೆರಡು ಎಂಬಂತೆ ಗಾಡಿ ಕಟ್ಟುತ್ತ 1939ರವರೆಗೂ ಉಸಿರು ಹಿಡಿದಿತ್ತು.

ಹಾಲಿನವನ ಲೆಕ್ಕ

ಹಾಗಿದ್ದರೆ ವಿದ್ಯುತ್ ವಾಹನ ಪೂರ್ತಿ ಅಳಿಯಿತೇ? ಇಲ್ಲ. ಅದು ಎಲ್ಲಿ ಉಳಿಯಿತು ಎಂಬುದರಲ್ಲೇ ಮುಖ್ಯ ಸುಳಿವಿದೆ. ಬ್ರಿಟನ್ನಿನಲ್ಲಿ ಬೆಳಗಿನ ಜಾವ ಮನೆಮನೆಗೆ ಹಾಲಿನ ಬಾಟಲಿ ಹಂಚುತ್ತಿದ್ದುದು ಬ್ಯಾಟರಿ ಗಾಡಿಗಳು. ನಿದ್ದೆಯಲ್ಲಿರುವ ಊರಿಗೆ ಗದ್ದಲವಾಗದು, ಪ್ರತಿ ಮನೆಯ ಮುಂದೆ ನಿಂತು ಹೊರಡಲು ತೊಂದರೆಯಿಲ್ಲ. 1960ರ ದಶಕದಲ್ಲಿ ಜಗತ್ತಿನ ಬೇರೆಲ್ಲ ದೇಶಗಳಿಗಿಂತ ಹೆಚ್ಚು ಬ್ಯಾಟರಿ ವಾಹನಗಳು ಬ್ರಿಟನ್ನಿನ ರಸ್ತೆಗಳಲ್ಲಿದ್ದವು. ಹೆಚ್ಚಿನವು ಹಾಲಿನ ಗಾಡಿಗಳೇ. ಹಾಲಿನ ಕಂಪನಿಗೆ ತನ್ನ ಗಾಡಿ ನಾಳೆ ಎಷ್ಟು ಮೈಲಿ ಓಡುತ್ತದೆ ಎಂಬುದು ನಿಖರವಾಗಿ ಗೊತ್ತು. ಆ ಗಾಡಿ ಎಂದಾದರೂ ಸ್ಕಾಟ್ಲೆಂಡ್ ನೋಡಲು ಹೋಗಬೇಕೆಂಬ ಆಸೆ ಅದರ ಲೆಕ್ಕದ ಪುಸ್ತಕದಲ್ಲಿ ಇರುವುದಿಲ್ಲ.

ಮನೆಯವರ ಲೆಕ್ಕ ಹಾಗಿರುವುದಿಲ್ಲ ಎಂಬುದು ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಕಂಡಿತು. ಹೊಗೆಯಿಂದ ಕಂಗೆಟ್ಟಿದ್ದ ಆ ರಾಜ್ಯ, 1998ರಿಂದ ದೊಡ್ಡ ಕಂಪನಿಗಳು ಮಾರುವ ಕಾರುಗಳಲ್ಲಿ ಶೇ 2ರಷ್ಟು ಹೊಗೆ ಉಗುಳದವು ಇರಬೇಕು ಎಂದು 1990ರಲ್ಲಿ ವಿಧಿಸಿತು. ಜನರಲ್ ಮೋಟಾರ್ಸ್ 1996ರಲ್ಲಿ ‘ಇವಿ-1’ ಎಂಬ ಕಾರು ತಂದಿತು. ಅದನ್ನು ಮಾರಲಿಲ್ಲ, ಗುತ್ತಿಗೆಗೆ ಮಾತ್ರ ಕೊಟ್ಟಿತು. 1999ರವರೆಗೆ ತಯಾರಾದದ್ದು 1,117 ಕಾರುಗಳು. ದಾರಿ ನಡುವೆ ಚಾರ್ಜು ಮುಗಿದುಹೋದರೆ ಎಂಬ ಅಳುಕಿಗೆ ಇಂಗ್ಲಿಷಿನಲ್ಲಿ ‘ರೇಂಜ್ ಆಂಗ್ಸೈಟಿ’ ಎಂಬ ಹೆಸರು ಬಿದ್ದದ್ದು ಆಗಲೇ, 1997ರಲ್ಲಿ ಸ್ಯಾನ್ ಡಿಯಾಗೊ ನಗರದ ಪತ್ರಿಕೆಯೊಂದರಲ್ಲಿ. ಅಳುಕು ಹಳೆಯದು, ಹೆಸರು ಹೊಸದು. ವಿಚಿತ್ರವೆಂದರೆ ಆ ಕಾರನ್ನು ನಿಜವಾಗಿ ಬಳಸಿದವರಲ್ಲಿ ಅನೇಕರು ಅದನ್ನು ಬಿಡಲು ಒಪ್ಪಲಿಲ್ಲ. ಕೊಳ್ಳುವವರಿಲ್ಲ ಎಂದು ಕಂಪನಿ ಕಾರುಗಳನ್ನು ವಾಪಸು ಪಡೆದಾಗ, 2003ರಲ್ಲಿ ಹಾಲಿವುಡ್ಡಿನ ಸ್ಮಶಾನವೊಂದರಲ್ಲಿ ಅದಕ್ಕೆ ಅಣಕು ಅಂತ್ಯಕ್ರಿಯೆಯನ್ನೇ ನಡೆಸಿದರು. ಹೆಚ್ಚಿನ ಕಾರುಗಳನ್ನು ಕಂಪನಿ ಜಜ್ಜಿ ಹಾಕಿಸಿತು. ಕೊಳ್ಳುವ ಮುಂಚಿನ ಭಯ ಒಂದು, ಬಳಸಿದ ನಂತರದ ಅನುಭವ ಇನ್ನೊಂದು. ಕಾರು ಮಾರಾಟವಾಗಬೇಕಾದದ್ದು ಮಾತ್ರ ಆ ಭಯ ಇರುವ ಗಳಿಗೆಯಲ್ಲೇ.

ಮದ್ದೂರಿನವರೆಗೆ

ಅಮೆರಿಕದಲ್ಲಿ ‘ಇವಿ-1’ ಕಣ್ಮುಚ್ಚುತ್ತಿದ್ದ ಕಾಲಕ್ಕೆ ಬೆಂಗಳೂರಿನಲ್ಲಿ ‘ರೇವಾ’ ಕಣ್ತೆರೆದಿತ್ತು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿ ಕಾರಿನ ತಂಡದಲ್ಲಿದ್ದ ಚೇತನ್ ಮೈನಿ, ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಕಂಪನಿಗಳ ಸಹಯೋಗದಲ್ಲಿ ಬೆಳೆಸಿದ ಈ ಪುಟ್ಟ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಆಸನದ ಕೆಳಗೆ ಸೀಸದ ಬ್ಯಾಟರಿಗಳು. ಗೇರಿಲ್ಲ, ಕ್ಲಚ್ಚಿಲ್ಲ. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಎಂಟು ಗಂಟೆಯಲ್ಲಿ ಪೂರ್ತಿ ಚಾರ್ಜು. ಓಡುವ ದೂರ 80 ಕಿಲೋಮೀಟರ್.

80 ಕಿಲೋಮೀಟರ್ ಎಂದರೆ ಎಷ್ಟು? ಜಯನಗರದಿಂದ ಮೆಜೆಸ್ಟಿಕ್ಕಿಗೆ ದಿನಕ್ಕೆ ಎರಡು ಸಲ ಹೋಗಿ ಬಂದರೂ ಮುಗಿಯುವಷ್ಟಲ್ಲ. ಮೈಸೂರು ರಸ್ತೆ ಹಿಡಿದರೆ ಮಾತ್ರ ಸರಿಸುಮಾರು ಮದ್ದೂರು. ವಡೆ ತಿಂದು ಕಾಫಿ ಕುಡಿದು ಹೊರಬರುವ ಹೊತ್ತಿಗೆ ಕಾರು ಸುಮ್ಮನೆ ನಿಂತಿರುತ್ತಿತ್ತು. ಮೈಸೂರು ಇನ್ನೂ ಅರವತ್ತು ಕಿಲೋಮೀಟರ್ ಮುಂದೆ. ಬೆಂಗಳೂರಿನ ಮಧ್ಯಮ ವರ್ಗದ ಸಂಸಾರ ಮೈಸೂರಿಗೆ ಕಾರಿನಲ್ಲಿ ವರ್ಷಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಎಣಿಸಿದರೆ ಒಂದು ಕೈಯ ಬೆರಳು ಸಾಕು. ಆದರೆ ಕಾರು ಕೊಳ್ಳುವಾಗ ಮನೆಯವರೆಲ್ಲ ಸೇರಿ ಕುಳಿತು ಮಾತಾಡುವುದು ಆ ಪ್ರಯಾಣಗಳದೇ: ದಸರೆಗೆ ಮೈಸೂರು, ಮನೆದೇವರ ಊರು, ಸೋದರತ್ತೆಯ ಮಗಳ ಮದುವೆ. ಅಜ್ಜಿ ತಾತ ಬಂದರೆ ಹಿಂದಿನ ಸೀಟಿನಲ್ಲಿ ಕೂರುವುದು ಹೇಗೆ ಎಂಬ ಪ್ರಶ್ನೆಯೂ ಸಣ್ಣದಲ್ಲ. ಮಾರುತಿ-800ಕ್ಕಿಂತ ರೇವಾ ಅಗ್ಗವೂ ಆಗಿರಲಿಲ್ಲ. ಹಾಗಾಗಿ ರೇವಾ ಕೊಂಡವರಲ್ಲಿ ಮನೆಯಲ್ಲಿ ಆಗಲೇ ಇನ್ನೊಂದು ಕಾರು ಇದ್ದವರು ಹೆಚ್ಚು. ಅದು ಎರಡನೆಯ ಕಾರು ಎನಿಸಿತು. ಎರಡನೆಯ ಕಾರು ಕೊಳ್ಳುವಷ್ಟು ಅನುಕೂಲ ಆಗಿನ ಬೆಂಗಳೂರಿನಲ್ಲಿ ಎಷ್ಟು ಮನೆಗಳಿಗಿತ್ತು?

ಉಳಿದ ತೊಡಕುಗಳು ನಮ್ಮ ಊರಿನವೇ. ಬೇಸಿಗೆ ಬಂತೆಂದರೆ ಲೋಡ್ ಶೆಡ್ಡಿಂಗ್. ಮೂರನೇ ಮಹಡಿಯ ಬಾಡಿಗೆದಾರನಿಗೆ ಕೆಳಗೆ ನಿಂತ ಕಾರಿಗೆ ವಯರು ಇಳಿಸಲು ಮನೆ ಮಾಲೀಕರ ಒಪ್ಪಿಗೆ ಬೇಕು. ಕರೆಂಟ್ ಬಿಲ್ಲು ಯಾರ ಮೀಟರಿಗೆ ಎಂಬ ತಕರಾರು. ಬೀದಿಯಲ್ಲಿ ಕಾರು ನಿಲ್ಲಿಸುವವರಿಗೆ ಚಾರ್ಜಿನ ಮಾತೇ ಇಲ್ಲ. ಸೀಸದ ಬ್ಯಾಟರಿಗಳು ಕೆಲವೇ ವರ್ಷಗಳಲ್ಲಿ ಸೊರಗುತ್ತಿದ್ದವು. ಹೊಸ ಜೊತೆ ಹಾಕಿಸುವ ದಿನ, ಅಷ್ಟು ವರ್ಷ ಉಳಿಸಿದ ಪೆಟ್ರೋಲಿನ ಹಣ ಒಮ್ಮೆಗೇ ಕೈಬಿಟ್ಟು ಹೋದಂತೆ ಕಾಣುತ್ತಿತ್ತು. ದಿನಾ ಹತ್ತಿಪ್ಪತ್ತು ರೂಪಾಯಿಯಂತೆ ಖರ್ಚಾಗುವ ಪೆಟ್ರೋಲ್ ಯಾರಿಗೂ ನೋವು ಕೊಡದು. ಒಂದೇ ಸಲ ಸಾವಿರಾರು ರೂಪಾಯಿ ಕೊಡುವುದು ಕರುಳು ಹಿಂಡುತ್ತದೆ. ಎರಡೂ ಒಂದೇ ಮೊತ್ತವಾದರೂ ಸರಿಯೇ.

ಇದೇ ಕಾರು ಲಂಡನ್ನಿನಲ್ಲಿ ಬೇರೆಯೇ ಕಥೆ ಬರೆಯಿತು. 2003ರಲ್ಲಿ ಲಂಡನ್ ಆಡಳಿತ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಿನಕ್ಕೆ ಐದು ಪೌಂಡ್ ಶುಲ್ಕ ಹಾಕಿತು. ವಿದ್ಯುತ್ ವಾಹನಕ್ಕೆ ವಿನಾಯಿತಿ ಇತ್ತು. ಕೆಲವೆಡೆ ಪುಕ್ಕಟೆ ಪಾರ್ಕಿಂಗ್ ಕೂಡ. 2004ರಲ್ಲಿ ರೇವಾ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಅಲ್ಲಿಗೆ ಹೋಯಿತು. ಅದೇ ಬ್ಯಾಟರಿ, ಅದೇ ದೂರ. ಆದರೂ ಸಾವಿರದಷ್ಟು ಕಾರುಗಳು ಲಂಡನ್ ಬೀದಿಗಿಳಿದವು. ಅಲ್ಲಿನ ಕೊಳ್ಳುಗನಿಗೆ ದೂರದ ಊರಿಗೆ ರೈಲು ಇತ್ತು. ಕಾರು ಕೊಟ್ಟ ಲಾಭವನ್ನು ಅವನು ಪ್ರತಿ ಸಂಜೆ ಎಣಿಸಿ ನೋಡಬಹುದಾಗಿತ್ತು. ಗೇಲಿ ಅಲ್ಲಿಯೂ ತಪ್ಪಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅದು ಕಾರೇ ಅಲ್ಲ, ನಾಲ್ಕು ಚಕ್ರದ ಹಗುರ ವಾಹನ. ಕಾರಿಗಿರುವ ಡಿಕ್ಕಿ ಪರೀಕ್ಷೆಯ ಕಟ್ಟಳೆ ಅದಕ್ಕೆ ಅನ್ವಯಿಸುತ್ತಿರಲಿಲ್ಲ. 2007ರಲ್ಲಿ ‘ಟಾಪ್ ಗೇರ್’ ಪತ್ರಿಕೆ ತಾನೇ ಡಿಕ್ಕಿ ಹೊಡೆಸಿ ನೋಡಿ ಕೆಟ್ಟ ಫಲಿತಾಂಶ ಪ್ರಕಟಿಸಿತು. ಅದು ಬರಿಯ ಗೇಲಿಯಾಗಿರಲಿಲ್ಲ, ಪ್ರಾಣದ ಪ್ರಶ್ನೆ. ಹಣೆಪಟ್ಟಿ ಮಾತ್ರ ಆಟಿಕೆ ಕಾರು ಎಂದೇ ಬಿತ್ತು. ಹತ್ತು ವರ್ಷಗಳಲ್ಲಿ ಇಡೀ ಜಗತ್ತಿನಲ್ಲಿ ಮಾರಾಟವಾದ ರೇವಾಗಳು ನಾಲ್ಕು ಸಾವಿರದ ಆಸುಪಾಸು. ಮಾರುತಿ-800 ಒಂದೇ ವರ್ಷದಲ್ಲಿ ಲಕ್ಷಕ್ಕೂ ಹೆಚ್ಚು ಮಾರಾಟವಾಗುತ್ತಿದ್ದ ಕಾಲ ಅದು. 2010ರಲ್ಲಿ ಕಂಪನಿ ಮಹೀಂದ್ರಾ ಕೈಸೇರಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ‘ಇ2ಓ’ ಬಂತು. ಮನೆಗಳಿಗೆ ಅದೂ ಅಷ್ಟಾಗಿ ಹಿಡಿಸಲಿಲ್ಲ. ಐಟಿ ಕಂಪನಿಗಳ ನೌಕರರನ್ನು ಕರೆತಂದು ಬಿಡುವ ಟ್ಯಾಕ್ಸಿಯಾಗಿ ಬೆಂಗಳೂರಿನಲ್ಲಿ ಅದಕ್ಕೆ ಕೆಲಸ ಸಿಕ್ಕಿತು. ದಿನವೂ ಅದೇ ದಾರಿ, ಅದೇ ದೂರ. ಬ್ರಿಟನ್ನಿನ ಹಾಲಿನ ಗಾಡಿಯ ಲೆಕ್ಕವೇ ಇಲ್ಲಿಯೂ ನಡೆಯಿತು.

ನಾರ್ವೆಯ ಮಾತು ಹೇಳದಿದ್ದರೆ ಚಿತ್ರ ಅಪೂರ್ಣ. 1989ರಲ್ಲಿ ಅಲ್ಲಿನ ‘ಆ-ಹಾ’ ಗಾಯನ ತಂಡದ ಮಾರ್ಟನ್ ಹಾರ್ಕೆಟ್ ಮತ್ತು ಪರಿಸರವಾದಿ ಫ್ರೆಡರಿಕ್ ಹೌಗೆ, ವಿದ್ಯುತ್ತಿಗೆ ಮಾರ್ಪಡಿಸಿದ ಫಿಯೆಟ್ ಪಾಂಡಾ ಕಾರೊಂದನ್ನು ತರಿಸಿ, ಟೋಲ್ ಕಟ್ಟದೆ ಓಡಿಸಿ ದಂಡ ಹಾಕಿಸಿಕೊಂಡರು. ಸರ್ಕಾರ ಕಾರನ್ನು ಜಪ್ತಿ ಮಾಡಿ ಹರಾಜು ಹಾಕಿತು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಮುಂದೆ ವಿದ್ಯುತ್ ಕಾರುಗಳಿಗೆ ಆಮದು ತೆರಿಗೆ, ಟೋಲ್, ಮಾರಾಟ ತೆರಿಗೆ ಒಂದೊಂದಾಗಿ ಮಾಫಿಯಾದವು. ಬಸ್ಸುಗಳ ದಾರಿಯಲ್ಲಿ ಓಡುವ ಅನುಮತಿಯೂ ಸಿಕ್ಕಿತು. ದಟ್ಟಣೆಯಲ್ಲಿ ಸಿಕ್ಕಿಬಿದ್ದವನ ಪಕ್ಕದಲ್ಲೇ ನೆರೆಮನೆಯವನ ವಿದ್ಯುತ್ ಕಾರು ಬಸ್ಸಿನ ದಾರಿಯಲ್ಲಿ ಸರ್ರನೆ ಹೋದರೆ, ಅದಕ್ಕಿಂತ ದೊಡ್ಡ ಜಾಹೀರಾತು ಬೇಕೇ? 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ತಿನವು.

ಕರ್ನಾಟಕ 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ರೂಪಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದು. 2020ರ ಜನವರಿಯಲ್ಲಿ ಟಾಟಾ ಕಂಪನಿಯ ನೆಕ್ಸಾನ್ ವಿದ್ಯುತ್ ಕಾರು ಬಂದಾಗ ಅದರ ಜಾಹೀರಾತಿನಲ್ಲಿ ಎದ್ದು ಕಂಡ ಅಂಕಿ 312 ಕಿಲೋಮೀಟರ್. ಅದು ಪರೀಕ್ಷೆಯ ಲೆಕ್ಕ, ರಸ್ತೆಯಲ್ಲಿ ಸಿಗುವುದು ಅದಕ್ಕಿಂತ ಕಡಿಮೆ. ಇರಲಿ, 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯಲ್ಲಿ ಮೈಸೂರು ಈಗ ಬೆಂಗಳೂರಿಗೆ ಇನ್ನೂ ಹತ್ತಿರ. ದಾರಿಯಲ್ಲಿ ಚಾರ್ಜು ಕೇಂದ್ರಗಳೂ ಇವೆ. ಮದ್ದೂರಿನ ಚಿಂತೆ ಮುಗಿಯಿತು. ಕಾರಿನ ಅಂಗಡಿಯಲ್ಲಿ ಈಗ ಕೇಳುವ ಪ್ರಶ್ನೆ, ಧರ್ಮಸ್ಥಳಕ್ಕೆ ಹೋಗಬಹುದೇ ಎಂಬುದು. ಬೆಂಗಳೂರಿನಿಂದ ಧರ್ಮಸ್ಥಳ ಸುಮಾರು 300 ಕಿಲೋಮೀಟರ್. ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿಯ ಇಳಿಜಾರು. ಇಳಿಯುವಾಗ ವಿದ್ಯುತ್ ಕಾರಿನ ಬ್ಯಾಟರಿಗೆ ತುಸು ಚಾರ್ಜು ತಾನಾಗಿಯೇ ಮರಳಿ ಬರುತ್ತದೆ. ಊರಿಗೆ ವಾಪಸಾಗುವಾಗ ಅದೇ ಘಾಟಿ ಹತ್ತಬೇಕು.